ಹೊಸ ಕಂಪ್ಯೂಟರಿನಲ್ಲಿ ಹಳೆಯ ಲೆಕ್ಕದ ಸಾಫ್ಟ್‌ವೇರ್ ಏಳದಿದ್ದಾಗ

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ. ಖಾತೆ-ಕೀರ್ದಿಯನ್ನು ಕೈಯಲ್ಲಿ ಬರೆಯುವುದನ್ನು ಬಿಟ್ಟು 2004ರಲ್ಲಿ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಿಂದ ಸಾಫ್ಟ್‌ವೇರ್ ಮಾಡಿಸಿಕೊಂಡೆವು. ರೈತರ ಪಟ್ಟಿ (ಮಾಲು ಮಾರಿದ ಮೇಲೆ ರೈತರಿಗೆ ಕೊಡುವ ಲೆಕ್ಕದ ಚೀಟಿ), ಹಮಾಲಿ, ಖರೀದಿದಾರರ ಬಿಲ್ಲು, ಉದ್ರಿ ಬಾಕಿ ಎಲ್ಲವೂ ಅದರಲ್ಲೇ ಇವೆ. ರೈತರ ಹೆಸರು ಮತ್ತು ಊರುಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೇವೆ. ಜಿಎಸ್‌ಟಿ ಬಂದಾಗ ಬೇರೆ ಹಣ ಕೊಟ್ಟು ತಿದ್ದುಪಡಿ ಮಾಡಿಸಿದೆವು. ವಿಂಡೋಸ್ 10 ಇದ್ದ ಮೂರು ಕಂಪ್ಯೂಟರುಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಈಗ ಒಂದರ ಮದರ್‌ಬೋರ್ಡ್ ಸುಟ್ಟುಹೋಗಿ ಹೊಸ ಕಂಪ್ಯೂಟರ್ ತಂದೆವು. ಅದರಲ್ಲಿ ವಿಂಡೋಸ್ 11 ಇದೆ. ಸಿ.ಡಿ. ಹಾಕಿದ ಕೂಡಲೇ ಈ ಪ್ರೋಗ್ರಾಂ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಎಂಬ ಸಂದೇಶ ಬರುತ್ತದೆ. ಕಂಪನಿಯವರನ್ನು ಕೇಳಿದರೆ, ಹಳೆಯ ಆವೃತ್ತಿಗೆ ವಿಂಡೋಸ್ 11ರಲ್ಲಿ ಬೆಂಬಲವಿಲ್ಲ, ವರ್ಷಕ್ಕಿಷ್ಟು ಬಾಡಿಗೆಯ ಹೊಸ ಆನ್‌ಲೈನ್ ಆವೃತ್ತಿಗೆ ಬನ್ನಿ ಎನ್ನುತ್ತಾರೆ. ರಿಪೇರಿಯವರು ವಿಂಡೋಸ್ 7 ಹಾಕಿಕೊಡುತ್ತೇನೆ ಎನ್ನುತ್ತಾರೆ. ನಮ್ಮ ಲೆಕ್ಕಪರಿಶೋಧಕರು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಹೋಗಿ ಎನ್ನುತ್ತಾರೆ. ರಸೀದಿಯಲ್ಲಿ ಆಜೀವ ಲೈಸೆನ್ಸ್ ಎಂದೇ ಬರೆದಿದೆ. ಇದು ಮೋಸವಲ್ಲವೇ? ಹಳೆಯ ಲೆಕ್ಕದ ಗತಿ ಏನು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯ ಅಂಗಡಿಗಳಿಂದ ಹಿಡಿದು ಗದಗಿನ ಮುದ್ರಣಾಲಯಗಳವರೆಗೆ ಇದೇ ದೂರನ್ನು ನಾನು ಕೇಳುತ್ತಿರುತ್ತೇನೆ, ಮತ್ತು ಕೇಳಿದಾಗಲೆಲ್ಲ ಮೊದಲು ಮಾಡುವ ಕೆಲಸವೆಂದರೆ ಎರಡು ಸಂಗತಿಗಳನ್ನು ಬೇರೆ ಮಾಡುವುದು: ಸಾಫ್ಟ್‌ವೇರ್ ಹೊಸ ವಿಂಡೋಸಿನಲ್ಲಿ ನಿಜವಾಗಿಯೂ ನಡೆಯುವುದಿಲ್ಲವೋ, ಅಥವಾ ನಡೆದರೂ ಅದರ ಹೊಣೆ ಹೊರಲು ಕಂಪನಿಗೆ ಮನಸ್ಸಿಲ್ಲವೋ ಎಂಬುದು. ಕಂಪನಿಯ ಫೋನಿನಲ್ಲಿ ಎರಡಕ್ಕೂ ಒಂದೇ ಉತ್ತರ ಸಿಗುತ್ತದೆ, ಆದರೆ ಮೊದಲನೆಯದಕ್ಕೆ ತಾಂತ್ರಿಕ ಪರಿಹಾರ ಹುಡುಕಬೇಕು, ಎರಡನೆಯದಕ್ಕೆ ವ್ಯವಹಾರದ ಮಾತುಕತೆ ಸಾಕು. ಇದನ್ನು ತಿಳಿಯದೆ ಹಣ ಕಟ್ಟಬೇಡಿ.

ನೀವು ಬರೆದಿರುವ ಸಂದೇಶವೇ ಬಹಳಷ್ಟನ್ನು ಹೇಳುತ್ತದೆ. ಸಿ.ಡಿ. ಹಾಕಿದ ಮೊದಲ ಹೆಜ್ಜೆಯಲ್ಲೇ, ಏನೂ ತೆರೆದುಕೊಳ್ಳುವ ಮೊದಲೇ, ವಿಂಡೋಸ್ ಹೀಗೆ ಬಾಗಿಲು ಹಾಕುವುದು ಹೆಚ್ಚಾಗಿ ಆ ಕಡತ 16 ಬಿಟ್ ಕಾಲದ್ದಾಗಿದ್ದಾಗ. ಪ್ರೋಗ್ರಾಂಗಳು 16, 32, 64 ಬಿಟ್ ಎಂದು ಮೂರು ತಲೆಮಾರಿನವು. 32 ಬಿಟ್ಟಿನ ವಿಂಡೋಸಿನೊಳಗೆ 16 ಬಿಟ್ಟಿನ ಪ್ರೋಗ್ರಾಂಗಳನ್ನು ನಡೆಸುವ ಒಂದು ಪದರವಿತ್ತು. 64 ಬಿಟ್ಟಿನ ವಿಂಡೋಸಿನಲ್ಲಿ ಅದು ಇಲ್ಲ, 32 ಬಿಟ್ಟಿನವನ್ನು ನಡೆಸುವ ಪದರ ಮಾತ್ರ ಇದೆ. ವಿಂಡೋಸ್ 10 ಎರಡೂ ಬಗೆಯಲ್ಲಿ ಸಿಗುತ್ತಿತ್ತು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ಟಿನ ಆವೃತ್ತಿಯೇ ಇಲ್ಲ. ನಿಮ್ಮ ಉಳಿದ ಎರಡು ಕಂಪ್ಯೂಟರುಗಳ ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್ ಎಂಬಲ್ಲಿಗೆ ಹೋಗಿ, ಅಬೌಟ್ ಎಂಬ ಪುಟದಲ್ಲಿ ಸಿಸ್ಟಮ್ ಟೈಪ್ ನೋಡಿ. ಅಲ್ಲಿ 32 ಬಿಟ್ ಎಂದಿದ್ದರೆ ನನ್ನ ಊಹೆ ಸರಿ ಎಂದುಕೊಳ್ಳಬಹುದು: ಇಷ್ಟು ವರ್ಷ ನಿಮ್ಮ ಸಾಫ್ಟ್‌ವೇರ್ ನಡೆದದ್ದು ವಿಂಡೋಸ್ 10ರ ಬಲದಿಂದಲ್ಲ, ಯಾರೋ ಅಂದು ಅದರ 32 ಬಿಟ್ಟಿನ ಪ್ರತಿಯನ್ನು ಹಾಕಿದ್ದರಿಂದ. ಆದ್ದರಿಂದ ವಿಂಡೋಸ್ 11 ಬೇಕೆಂದೇ ಹಳೆಯ ಸಾಫ್ಟ್‌ವೇರುಗಳನ್ನು ತಡೆಯುತ್ತದೆ ಎಂಬ ಮಾತು ಸರಿಯಲ್ಲ. 32 ಬಿಟ್ಟಿನ ಹಳೆಯ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಅದರಲ್ಲಿ ಇಂದಿಗೂ ನಡೆಯುತ್ತವೆ. ರಿಪೇರಿಯವರು ಮೊದಲು ಒತ್ತುವ ಕಂಪ್ಯಾಟಿಬಿಲಿಟಿ ಮೋಡ್ ಎಂಬ ಸೌಲಭ್ಯದಿಂದ 16 ಬಿಟ್ಟಿನ ಪ್ರೋಗ್ರಾಂ ಎಂದಿಗೂ ಏಳುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆದರೂ ಒಂದು ಆಸೆ ಉಳಿದಿದೆ. ಆ ಕಾಲದಲ್ಲಿ ಸಾಫ್ಟ್‌ವೇರ್ 32 ಬಿಟ್ಟಿನದೇ ಆಗಿದ್ದರೂ ಅದನ್ನು ಕೂರಿಸುವ ಸೆಟಪ್ ಕಡತ ಮಾತ್ರ 16 ಬಿಟ್ಟಿನದಾಗಿರುವುದು ಸಾಮಾನ್ಯವಾಗಿತ್ತು. ಹಾಗಿದ್ದರೆ ಸಿ.ಡಿ. ಏಳದಿದ್ದರೂ ಒಳಗಿನ ಪ್ರೋಗ್ರಾಂ ಏಳಬಹುದು. ಉಳಿದಿರುವ ಒಂದು ಕಂಪ್ಯೂಟರಿನಿಂದ ಸಾಫ್ಟ್‌ವೇರಿನ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಜಾಗಕ್ಕೆ ಹಾಕಿ, ಮುಖ್ಯ ಕಡತವನ್ನು ನೇರವಾಗಿ ಒತ್ತಿ ನೋಡಿ. ಮತ್ತೆ ಅದೇ ಸಂದೇಶ ಬಂದರೆ ಪ್ರೋಗ್ರಾಮೇ 16 ಬಿಟ್ಟಿನದು. ಬೇರೆ ದೂರು ಬಂದರೆ, ಅಂದರೆ ಯಾವುದೋ ಕಡತ ಸಿಗುತ್ತಿಲ್ಲ, ಲಾಕ್ ಕಾಣುತ್ತಿಲ್ಲ, ಡೇಟಾ ತೆರೆಯಲಾಗುತ್ತಿಲ್ಲ ಎಂದರೆ, ಅದು ಸಿಹಿ ಸುದ್ದಿ; ಅಂಥ ದೂರುಗಳಿಗೆ ಮದ್ದಿದೆ.

ಆ ದೂರುಗಳಲ್ಲಿ ಮೊದಲನೆಯದು ಲಾಕ್. ನಿಮ್ಮದರಲ್ಲಿ ಯುಎಸ್‌ಬಿ ಲಾಕ್, ಅಂದರೆ ಕಂಪ್ಯೂಟರಿಗೆ ಚುಚ್ಚಿದ್ದರಷ್ಟೇ ಸಾಫ್ಟ್‌ವೇರ್ ತೆರೆಯುವ ಪುಟ್ಟ ಸಾಧನ, ಇದೆಯೋ ಇಲ್ಲವೋ ನೀವು ಬರೆದಿಲ್ಲ, ಆದರೆ ಅಂದಿನ ಇಂಥ ಸಾಫ್ಟ್‌ವೇರುಗಳಲ್ಲಿ ಅದು ಮಾಮೂಲು. ಲಾಕಿನ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ವಿಂಡೋಸಿನ ಒಳಮನೆಯಲ್ಲಿ ಕೆಲಸ ಮಾಡುವಂಥದ್ದು. 64 ಬಿಟ್ಟಿನ ವಿಂಡೋಸ್ ತನ್ನ ಒಳಮನೆಗೆ 64 ಬಿಟ್ಟಿನ, ಸಹಿ ಹೊಂದಿದ ಡ್ರೈವರುಗಳನ್ನಷ್ಟೇ ಬಿಟ್ಟುಕೊಳ್ಳುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ಇನ್ನೊಂದು ಕಾವಲು ಮೊದಲೇ ಚಾಲೂ ಇರುತ್ತದೆ, ಅದು ಅನೇಕ ಹಳೆಯ ಡ್ರೈವರುಗಳನ್ನು ತಡೆಯುತ್ತದೆ. ಲಾಕ್ ತಯಾರಿಸಿದ ಸಂಸ್ಥೆಯ ಹೊಸ ಡ್ರೈವರ್ ಹಾಕಿದರೆ ಅನೇಕ ಬಾರಿ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಕಾವಲನ್ನೇ ಆರಿಸಿಬಿಡಿ ಎಂಬ ಸಲಹೆಯನ್ನು, ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರವೂ ನಡೆಯುವುದಾದರೆ, ಒಪ್ಪಬೇಡಿ.

ಎರಡನೆಯದು ಡೇಟಾ ಹಂಚಿಕೆ. ಮೂರು ಕಂಪ್ಯೂಟರುಗಳಲ್ಲಿ ಒಂದರಲ್ಲಿ ಡೇಟಾ ಇಟ್ಟು ಉಳಿದೆರಡು ಅದನ್ನು ಪಾಸ್‌ವರ್ಡ್ ಇಲ್ಲದೆ ತೆರೆಯುವ ಪದ್ಧತಿ ನಮ್ಮ ಅಂಗಡಿಗಳಲ್ಲಿ ಎಲ್ಲೆಡೆ ಇದೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳು ಇಂಥ ಪಾಸ್‌ವರ್ಡ್ ಇಲ್ಲದ ಹಂಚಿಕೆಯನ್ನು ತಾವಾಗಿ ಒಪ್ಪುವುದಿಲ್ಲ. ಆಗ ಸಾಫ್ಟ್‌ವೇರ್ ಕೆಟ್ಟಿತೆಂದು ಎಲ್ಲರೂ ತಿಳಿಯುತ್ತಾರೆ. ಬೇಕಾಗಿರುವುದು ಡೇಟಾ ಇರುವ ಕಂಪ್ಯೂಟರಿನಲ್ಲಿ ಒಂದು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಅಷ್ಟೇ. ಮೂರನೆಯದು ಡೇಟಾಬೇಸ್. ನಿಮ್ಮ ಡೇಟಾ ಫೋಲ್ಡರಿನಲ್ಲಿ ಕಡತಗಳ ಹೆಸರಿನ ಬಾಲ ಡಿಬಿಎಫ್ ಎಂದಿದ್ದರೆ ಅದು ಫಾಕ್ಸ್‌ಪ್ರೊ ವಂಶದ್ದು, ಎಂಡಿಬಿ ಎಂದಿದ್ದರೆ ಆಕ್ಸೆಸ್, ಎಂಡಿಎಫ್ ಎಂದಿದ್ದರೆ ಎಸ್‌ಕ್ಯುಎಲ್ ಸರ್ವರ್. ಈ ಕೊನೆಯದರ ವಿಷಯದಲ್ಲಿ ಒಂದು ವಿಚಿತ್ರ ತೊಡಕಿದೆ: ಎನ್‌ವಿಎಂಇ ಎಂಬ ಕೆಲವು ಹೊಸ ವೇಗದ ಡಿಸ್ಕುಗಳು ತಮ್ಮ ಸೆಕ್ಟರ್, ಅಂದರೆ ಡೇಟಾ ಬರೆಯುವ ಒಂದು ತುಂಡಿನ, ಗಾತ್ರವನ್ನು 4 ಕೆಬಿಗಿಂತ ಹೆಚ್ಚೆಂದು ವಿಂಡೋಸ್ 11ಕ್ಕೆ ತಿಳಿಸುವುದರಿಂದ ಎಸ್‌ಕ್ಯುಎಲ್ ಸರ್ವರ್ ಆರಂಭವಾಗುವುದೇ ಇಲ್ಲ. ಮೈಕ್ರೋಸಾಫ್ಟ್ ತಾನೇ ಇದನ್ನು ಒಪ್ಪಿ, ವಿಂಡೋಸಿನ ಒಳ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಮಾಡಬೇಕಾದ ತಿದ್ದುಪಡಿಯನ್ನು ಪ್ರಕಟಿಸಿದೆ. ನಿಮ್ಮ ಸಾಫ್ಟ್‌ವೇರಿನ ವಯಸ್ಸು ನೋಡಿದರೆ ಡಿಬಿಎಫ್ ಇರುವ ಸಂಭವವೇ ಹೆಚ್ಚು, ಮತ್ತು ಮುಂದೆ ಹೇಳುವಂತೆ ಅದು ನಿಮ್ಮ ಅದೃಷ್ಟ.

ಕಂಪನಿ ಹೀಗೇಕೆ ಕೈತೊಳೆದುಕೊಳ್ಳುತ್ತದೆ ಎಂಬುದಕ್ಕೆ ಬರುತ್ತೇನೆ. ದುರಾಸೆಯೊಂದೇ ಕಾರಣವಲ್ಲ. ಆ ಕಾಲದ ಸಣ್ಣ ಕಂಪನಿಗಳೆಲ್ಲ ಫಾಕ್ಸ್‌ಪ್ರೊ ಮತ್ತು ವಿಷುಯಲ್ ಬೇಸಿಕ್ 6ರ ಮೇಲೆ ನಿಂತಿದ್ದವು. ವಿಷುಯಲ್ ಬೇಸಿಕ್ 6ರಲ್ಲಿ ಪ್ರೋಗ್ರಾಂ ಬರೆಯುವ ಉಪಕರಣಕ್ಕೆ ಮೈಕ್ರೋಸಾಫ್ಟ್ 2008ರ ಏಪ್ರಿಲಿನಲ್ಲಿ ಬೆಂಬಲ ನಿಲ್ಲಿಸಿತು. ವಿಷುಯಲ್ ಫಾಕ್ಸ್‌ಪ್ರೊದ ಕೊನೆಯ ಆವೃತ್ತಿಗೆ 2015ರ ಜನವರಿಯಲ್ಲಿ ನಿಂತಿತು. ಅಂದು ಬರೆದ ಹುಡುಗರು ಬೆಂಗಳೂರು, ಪುಣೆ ಸೇರಿದರು. ಮೂಲ ಬರಹವನ್ನು ಓದಿ ತಿದ್ದಬಲ್ಲವರು ಆಫೀಸಿನಲ್ಲಿ ಉಳಿದಿಲ್ಲ. ಮೈಕ್ರೋಸಾಫ್ಟ್ ವರ್ಷಕ್ಕೊಮ್ಮೆ ವಿಂಡೋಸ್ 11ರ ದೊಡ್ಡ ಬದಲಾವಣೆಯನ್ನು ಬಿಡುಗಡೆ ಮಾಡುತ್ತದೆ, ಮತ್ತು ಪ್ರತಿಯೊಂದರ ಮೇಲೂ ಹಳೆಯ ಆವೃತ್ತಿಯನ್ನು ಪರೀಕ್ಷಿಸುವ ಖರ್ಚು ಯಾರಿಂದಲೂ ವಸೂಲಾಗುವುದಿಲ್ಲ, ಏಕೆಂದರೆ ನೀವು 2004ರಲ್ಲಿ ಕೊಟ್ಟ ಹಣ ಎಂದೋ ಮುಗಿದಿದೆ. ಇಷ್ಟು ಅವರ ಪಾಲಿನ ಸತ್ಯ. ಆದರೆ ಯಾವ ಕಾರಣಕ್ಕೆ ನಡೆಯುವುದಿಲ್ಲವೆಂದು ಹೇಳದೆ, ಡೇಟಾ ಹೊರತೆಗೆಯುವ ದಾರಿಯನ್ನೂ ತೋರಿಸದೆ, ನೇರವಾಗಿ ವಾರ್ಷಿಕ ಬಾಡಿಗೆಯ ಮಾತಿಗೆ ಬರುವುದು ಪ್ರಾಮಾಣಿಕ ವ್ಯಾಪಾರವಲ್ಲ ಎಂಬುದು ನನ್ನ ಅಭಿಪ್ರಾಯ.

ರಿಪೇರಿಯವರ ಸಲಹೆಯನ್ನು ಮಾತ್ರ ಖಂಡಿತವಾಗಿ ಬೇಡವೆನ್ನುತ್ತೇನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದದ್ದು 2020ರ ಜನವರಿ 14ರಂದು. ಅದರ ಮೇಲೆ ನಡೆಯುವ ಕೊನೆಯ ಕ್ರೋಮ್ ಬ್ರೌಸರ್ ಆವೃತ್ತಿ 109, ಅದು 2023ರ ಆರಂಭದ್ದು. ಜಿಎಸ್‌ಟಿ ಪೋರ್ಟಲನ್ನೂ ಬ್ಯಾಂಕಿನ ಪುಟಗಳನ್ನೂ ಅದರ ಮೇಲೆ ತೆರೆಯುವುದು ತೊಂದರೆಯನ್ನು ಕರೆದು ಕೂರಿಸಿದಂತೆ. ಹೊಸ ಮದರ್‌ಬೋರ್ಡುಗಳಿಗೆ ವಿಂಡೋಸ್ 7ರ ಡ್ರೈವರುಗಳೂ ಇಲ್ಲ, ಹೀಗಾಗಿ ಎಷ್ಟೋ ಬಾರಿ ಕೀಬೋರ್ಡ್, ಮೌಸ್ ಕೂಡ ಸ್ಪಂದಿಸುವುದಿಲ್ಲ. ಲಾಕ್ ಮುರಿದ ಪ್ರತಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ದೂರವಿಡಿ. ಅಂಥ ಪ್ರತಿಗಳೊಂದಿಗೆ ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ವೈರಸ್ಸುಗಳು ಬಂದು, ಇಡೀ ಹಂಗಾಮಿನ ಲೆಕ್ಕ ಕಳೆದುಕೊಂಡ ಅಂಗಡಿಗಳನ್ನು ನಾನು ನೋಡಿದ್ದೇನೆ.

ಉಳಿದ ಎರಡು ಕಂಪ್ಯೂಟರುಗಳನ್ನು ಇದ್ದಂತೆಯೇ ಓಡಿಸುವುದು ಒಂದು ದಾರಿ. ವಿಂಡೋಸ್ 10ರ ಉಚಿತ ಭದ್ರತಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಮುಗಿದಿವೆ. ವ್ಯಾಪಾರ ಸಂಸ್ಥೆಗಳು ಹಣ ಕೊಟ್ಟು 2028ರ ಅಕ್ಟೋಬರಿನವರೆಗೆ ವಿಸ್ತರಿಸಿಕೊಳ್ಳಬಹುದು. ಮೈಕ್ರೋಸಾಫ್ಟ್ ಪ್ರಕಟಿಸಿದ ದರ ಮೊದಲ ವರ್ಷಕ್ಕೆ ಕಂಪ್ಯೂಟರೊಂದಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ಹಿಂದಿನ ವರ್ಷದ ದುಪ್ಪಟ್ಟು, ಮತ್ತು ತಡವಾಗಿ ಸೇರಿದರೂ ಹಿಂದಿನ ವರ್ಷದ್ದನ್ನೂ ಕಟ್ಟಬೇಕು. ಎರಡು ಹಳೆಯ ಯಂತ್ರಗಳಿಗೆ ಅಷ್ಟು ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬದಲಿಗೆ ಅವುಗಳಿಂದ ಇಂಟರ್ನೆಟ್ಟನ್ನು ಕಿತ್ತುಹಾಕಿ ಪಟ್ಟಿ ಮತ್ತು ಬಿಲ್ಲಿಗೆ ಮಾತ್ರ ಮೀಸಲಿಡಿ. ಪೋರ್ಟಲ್, ಇಮೇಲ್, ಬ್ಯಾಂಕು ಎಲ್ಲವೂ ಹೊಸ ಕಂಪ್ಯೂಟರಿನಲ್ಲಿ ನಡೆಯಲಿ. ಇದರ ಅಪಾಯ ಸ್ಪಷ್ಟವಾದದ್ದು: ಇನ್ನೊಂದು ಮದರ್‌ಬೋರ್ಡ್ ಸುಟ್ಟರೆ ನೀವು ಇಂದು ನಿಂತಿರುವ ಜಾಗಕ್ಕೇ ಬರುತ್ತೀರಿ, ಅದೂ ಬಹುಶಃ ಫೆಬ್ರುವರಿಯ ಆವಕದ ಭರದಲ್ಲಿ.

ಅದಕ್ಕಾಗಿ ನಾನು ಹೆಚ್ಚು ಒಪ್ಪುವ ದಾರಿ ವರ್ಚುಯಲ್ ಮಷಿನ್. ಹೊಸ ಕಂಪ್ಯೂಟರಿನ ವಿಂಡೋಸ್ 11ರೊಳಗೆ ಒಂದು ಕಿಟಕಿಯಲ್ಲಿ ಹಳೆಯ 32 ಬಿಟ್ಟಿನ ವಿಂಡೋಸ್ 10 ಇಡಿಯಾಗಿ ಓಡುತ್ತದೆ, ಅದರೊಳಗೆ ನಿಮ್ಮ ಸಾಫ್ಟ್‌ವೇರ್ ತಾನು ಎಲ್ಲಿದ್ದೇನೆಂದು ತಿಳಿಯದೆಯೇ ಕೆಲಸ ಮಾಡುತ್ತದೆ. ಮೈಕ್ರೋಸಾಫ್ಟಿನದೇ ಆದ ಡಿಸ್ಕ್2ವಿಎಚ್‌ಡಿ ಎಂಬ ಉಚಿತ ಉಪಕರಣ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಇದ್ದಂತೆಯೇ ಒಂದು ಕಡತವನ್ನಾಗಿ ಮಾಡಿಕೊಡುತ್ತದೆ. ಅದನ್ನು ಓಡಿಸಲು ವಿಂಡೋಸ್ 11 ಪ್ರೊ ಜೊತೆಗೇ ಬರುವ ಹೈಪರ್-ವಿ ಇದೆ, ಆದರೆ ಹೋಮ್ ಆವೃತ್ತಿಯಲ್ಲಿ ಅದು ಇಲ್ಲ. ಅಲ್ಲದೆ ಹೈಪರ್-ವಿ ಯುಎಸ್‌ಬಿ ಲಾಕನ್ನು ಒಳಗಿನ ವಿಂಡೋಸಿಗೆ ನೇರವಾಗಿ ದಾಟಿಸುವುದಿಲ್ಲ. ಲಾಕ್ ಇದ್ದವರು ವರ್ಚುಯಲ್‌ಬಾಕ್ಸ್ ಅಥವಾ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ನೋಡಬೇಕು. ಎರಡನೆಯದನ್ನು 2024ರ ನವೆಂಬರಿನಿಂದ ವ್ಯಾಪಾರದ ಬಳಕೆಗೂ ಉಚಿತಗೊಳಿಸಲಾಗಿದೆ. ಹೊಸ ಕಂಪ್ಯೂಟರಿನಲ್ಲಿ ಕನಿಷ್ಠ 16 ಜಿಬಿ ರ‍್ಯಾಮ್ ಇರಲಿ. ಒಳಗಿನ ವಿಂಡೋಸಿಗೂ ಪ್ರತ್ಯೇಕ ಲೈಸೆನ್ಸ್ ಬೇಕು, ಮತ್ತು ಕಂಪ್ಯೂಟರಿನ ಜೊತೆಗೇ ಬಂದ ಲೈಸೆನ್ಸ್ ಆ ಕಂಪ್ಯೂಟರಿಗೇ ಕಟ್ಟುಬಿದ್ದಿರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಒಳಗಿನ ವಿಂಡೋಸಿಗೆ ಕಾಣಿಸುವುದಕ್ಕೆ ತುಸು ಹೆಣಗಬೇಕಾಗುತ್ತದೆ, ಅದರಲ್ಲೂ ಪ್ರಿಂಟರ್ ಹಳೆಯ ದಪ್ಪ ಪ್ಯಾರಲಲ್ ಕೇಬಲ್ಲಿನದಾಗಿದ್ದರೆ. ಆಗ ಯುಎಸ್‌ಬಿ ಇರುವ ಪ್ರಿಂಟರ್ ತರುವುದೇ ನೆಮ್ಮದಿ. ಈ ಏರ್ಪಾಡಿನಿಂದ ನಿಮಗೆ ಎರಡು ಮೂರು ಹಂಗಾಮುಗಳ ಸಮಯ ಸಿಗುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ. ಮುಂದೆ ಜಿಎಸ್‌ಟಿ ನಿಯಮ ಬದಲಾದರೆ ಆ ಸಾಫ್ಟ್‌ವೇರನ್ನು ತಿದ್ದುವವರು ಇರುವುದಿಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ದಾಟಿದ ವಹಿವಾಟಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವುದು, ಕಡ್ಡಾಯವಾದಾಗ ಇಂಥ ಹಳೆಯ ಸಾಫ್ಟ್‌ವೇರುಗಳ ಮಾಲೀಕರು ಬಿಲ್ಲನ್ನು ಒಂದು ಕಡೆ, ಇನ್‌ವಾಯ್ಸನ್ನು ಇನ್ನೊಂದು ಕಡೆ ಎರಡೆರಡು ಬಾರಿ ಟೈಪ್ ಮಾಡುವಂತಾಯಿತು.

ಹೊಸ ಸಾಫ್ಟ್‌ವೇರಿಗೆ ಒಂದಲ್ಲ ಒಂದು ದಿನ ಹೋಗಲೇಬೇಕು. ಅದೇ ಕಂಪನಿಯದೋ ಟ್ಯಾಲಿಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಪಟ್ಟಿಯ ಮೇಲೆ ನಿಂತಿದೆ. ಟ್ಯಾಲಿ ಖಾತೆ ಮತ್ತು ಜಿಎಸ್‌ಟಿಗೆ ಗಟ್ಟಿ, ಲೆಕ್ಕಪರಿಶೋಧಕರಿಗೂ ಅನುಕೂಲ. ಆದರೆ ಒಬ್ಬ ರೈತನ ಹಲವು ಲಾಟುಗಳು ಬೇರೆ ಬೇರೆ ಖರೀದಿದಾರರಿಗೆ ಬೇರೆ ಬೇರೆ ದರಕ್ಕೆ ಹೋಗಿ, ಹಮಾಲಿ, ತೂಕ, ಮುಂಗಡ ಕಳೆದು, ಕನ್ನಡದಲ್ಲಿ ಒಂದೇ ಪಟ್ಟಿಯಾಗಿ ಹೊರಬರುವುದು ಅದರಲ್ಲಿ ಮೊದಲೇ ಸಿದ್ಧವಾಗಿರುವುದಿಲ್ಲ, ಅದನ್ನು ಬೇರೆಯವರಿಂದ ಬರೆಸಿಕೊಳ್ಳಬೇಕು. ಬರೆದವರು ಕೈಬಿಟ್ಟರೆ ಇದೇ ಪುರಾಣ ಮತ್ತೆ ಶುರುವಾಗುತ್ತದೆ. ಹಳೆಯ ಕಂಪನಿಯ ಆನ್‌ಲೈನ್ ಆವೃತ್ತಿಗೆ ಪಟ್ಟಿಯ ಜ್ಞಾನ ಇರುತ್ತದೆ. ಅಲ್ಲಿನ ಅಪಾಯ ಬೇರೆ. ಬಾಡಿಗೆ ನಿಲ್ಲಿಸಿದ ದಿನ ಹಳೆಯ ಲೆಕ್ಕವನ್ನು ಕನಿಷ್ಠ ನೋಡಲು ಬಿಡುತ್ತಾರೆಯೇ? ಇಡೀ ಡೇಟಾವನ್ನು ಎಕ್ಸೆಲ್ ರೂಪದಲ್ಲಿ ನೀವೇ, ಅವರನ್ನು ಕೇಳದೆ, ಇಳಿಸಿಕೊಳ್ಳಬಹುದೇ? ಇಂಟರ್ನೆಟ್ ಹೋದ ಸೋಮವಾರ ಅಥವಾ ಗುರುವಾರದ ಮಾರಾಟದ ದಿನ ಪಟ್ಟಿ ಹೇಗೆ ಕೊಡುತ್ತೀರಿ? ಹಣ ಕಟ್ಟುವ ಮುನ್ನ ಈ ಮೂರಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ, ಮತ್ತು ಹಿಂದಿನ ಹಂಗಾಮಿನ ಒಂದು ವಾರದ ನಿಮ್ಮ ನಿಜವಾದ ಲೆಕ್ಕವನ್ನು ಅವರ ಹೊಸ ಸಾಫ್ಟ್‌ವೇರಿನಲ್ಲಿ ಹಾಕಿಸಿ ಪಟ್ಟಿಗಳು ಪೈಸೆ ಸಹಿತ ತಾಳೆಯಾಗುತ್ತವೆಯೋ ನೋಡಿ.

ಬದಲಾವಣೆಗೆ ಏಪ್ರಿಲ್ 1 ಒಳ್ಳೆಯ ದಿನವೆಂದು ಲೆಕ್ಕಪರಿಶೋಧಕರು ಹೇಳುತ್ತಾರೆ. ಮೆಣಸಿನಕಾಯಿಯವರಿಗೆ ಅದು ಹಂಗಾಮಿನ ದಣಿವು ಆರದ, ಬಾಕಿಗಳು ಇನ್ನೂ ಇತ್ಯರ್ಥವಾಗದ ಹೊತ್ತು. ಮಳೆಗಾಲದ ಬಿಡುವಿನಲ್ಲಿ, ಹಳೆಯದು ಹೊಸದು ಎರಡನ್ನೂ ಒಂದು ತಿಂಗಳು ಜೊತೆಯಾಗಿ ನಡೆಸಿ, ವರ್ಷದ ನಡುವೆಯೇ ಬಾಕಿಗಳನ್ನು ಒಯ್ಯುವುದು ಒಳ್ಳೆಯದು. ಲೆಕ್ಕಪರಿಶೋಧಕರಿಗೆ ಸ್ವಲ್ಪ ಕೆಲಸ ಹೆಚ್ಚುತ್ತದೆ, ಹೆಚ್ಚಲಿ.

ಇನ್ನು ಹಳೆಯ ಲೆಕ್ಕ. ಇಡೀ ಪ್ರಶ್ನೆಯಲ್ಲಿ ತುರ್ತಾದದ್ದು ಇದೊಂದೇ, ಮತ್ತು ಇದನ್ನು ಯಾವ ದಾರಿ ಆರಿಸಿದರೂ ಈ ವಾರವೇ ಮಾಡಬೇಕು. ದೀಪಾವಳಿಯ ಪೂಜೆಯಲ್ಲಿ ಕೀರ್ದಿಯ ಜೊತೆ ಕಂಪ್ಯೂಟರಿಗೂ ಕುಂಕುಮ ಹಚ್ಚುವ ಅಂಗಡಿಗಳಲ್ಲಿ ಬ್ಯಾಕಪ್ ಎಲ್ಲಿದೆ ಎಂದು ಕೇಳಿದರೆ, ಹೆಚ್ಚಾಗಿ ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿದೆ ಎಂಬ ಉತ್ತರ ಬರುತ್ತದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು. 2023-24ರ ವಾರ್ಷಿಕ ರಿಟರ್ನಿಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು, ಆದ್ದರಿಂದ ಆ ವರ್ಷದ ಪುಸ್ತಕಗಳು 2030ರ ಡಿಸೆಂಬರ್ ಮುಗಿಯುವವರೆಗೆ ತೆರೆದು ತೋರಿಸುವ ಸ್ಥಿತಿಯಲ್ಲಿರಬೇಕು. ಮೊಕದ್ದಮೆ ಅಥವಾ ಮೇಲ್ಮನವಿ ಇದ್ದರೆ ಇನ್ನೂ ಹೆಚ್ಚು. ಸಾಫ್ಟ್‌ವೇರ್ ಏಳುತ್ತಿಲ್ಲ ಎಂಬುದನ್ನು ಅಧಿಕಾರಿಗಳು ಸಬೂಬೆಂದೇ ತಿಳಿಯುತ್ತಾರೆ. ಹಾಗಾಗಿ ಪ್ರತಿ ವರ್ಷದ ಕೀರ್ದಿ, ಖಾತೆ, ಮಾರಾಟ ಮತ್ತು ಖರೀದಿ ರಿಜಿಸ್ಟರುಗಳನ್ನು ಪಿಡಿಎಫ್ ಮಾಡಿ ಇಡಿ. ಸಾಫ್ಟ್‌ವೇರಿನಲ್ಲಿ ಪಿಡಿಎಫ್ ಇಲ್ಲದಿದ್ದರೂ ವಿಂಡೋಸ್ 10ರಲ್ಲಿ ಇರುವ ಪ್ರಿಂಟ್ ಟು ಪಿಡಿಎಫ್ ಎಂಬುದನ್ನು ಪ್ರಿಂಟರಾಗಿ ಆರಿಸಿದರೆ ಸಾಮಾನ್ಯವಾಗಿ ಆಗುತ್ತದೆ. ಆಮೇಲೆ ಡೇಟಾ ಫೋಲ್ಡರನ್ನು ಎರಡು ಹೊರಗಿನ ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಅಂಗಡಿಯಲ್ಲಿ ಇಡಬೇಡಿ.

ಡಿಬಿಎಫ್ ಕಡತಗಳಾಗಿದ್ದರೆ ಅವನ್ನು ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸಿನಲ್ಲಿ ನೇರವಾಗಿ ತೆರೆಯಬಹುದು, ಕಂಪನಿಯ ಅನುಮತಿ ಬೇಕಿಲ್ಲ. ನಕಲಿನ ಮೇಲಷ್ಟೇ ಈ ಪ್ರಯೋಗ ಮಾಡಿ. ತೆರೆದಾಗ ಮೊತ್ತ, ದಿನಾಂಕಗಳು ಸರಿಯಾಗಿ ಕಂಡು, ರೈತರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಗಾಬರಿಯಾಗಬೇಡಿ. ಆ ಕಾಲದ ನುಡಿ ಅಕ್ಷರಗಳು ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತದವಲ್ಲ, ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದವು. ಆ ಕಾಲಮಿಗೆ ನುಡಿ ಫಾಂಟ್ ಕೊಟ್ಟರೆ ಹೆಸರುಗಳು ಮರಳಿ ಕಾಣುತ್ತವೆ. ಹೊಸ ಸಾಫ್ಟ್‌ವೇರಿಗೆ ಒಯ್ಯುವ ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಬೇಕು, ಮತ್ತು ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳಿರುವ ಹೆಸರುಗಳನ್ನು ಕಣ್ಣಿನಿಂದಲೇ ತಪಾಸಣೆ ಮಾಡಬೇಕು. ಹಿರೇಮಠ, ಅಂಗಡಿ ಎಂಬವು ನೆಟ್ಟಗೆ ಬರುತ್ತವೆ. ಸಿದ್ರಾಮಪ್ಪ, ಕರ್ಜಗಿ, ಗುತ್ತಲದಂಥವುಗಳಲ್ಲಿ ಎಡವಟ್ಟಾಗುವುದುಂಟು. ಹೆಸರು ಕೆಟ್ಟ ಖಾತೆಗೆ ಹೊಸ ಸಾಫ್ಟ್‌ವೇರಿನಲ್ಲಿ ಯಾರೋ ಎರಡನೆಯ ಖಾತೆ ತೆರೆಯುತ್ತಾರೆ, ಬಾಕಿ ಎರಡು ಪಾಲಾಗುತ್ತದೆ.

ಮೋಸವೇ ಎಂಬ ಪ್ರಶ್ನೆ ಉಳಿಯಿತು. ಆಜೀವ ಲೈಸೆನ್ಸ್ ಎಂದರೆ ಕೊಟ್ಟ ಆವೃತ್ತಿಯನ್ನು, ಅದು ನಡೆಯುವ ಪರಿಸರದಲ್ಲಿ, ಕಾಲಮಿತಿಯಿಲ್ಲದೆ ಬಳಸುವ ಹಕ್ಕು. ಮುಂದೆ ಬರುವ ಪ್ರತಿ ವಿಂಡೋಸಿಗೂ ಹೊಂದಿಸಿಕೊಡುವ ಮಾತು ಕರಾರಿನಲ್ಲಿ ಬೇರೆಯಾಗಿ ಇರಬೇಕಾಗುತ್ತದೆ. ನಿಮ್ಮ ರಸೀದಿ, ಅಂದಿನ ಕೊಟೇಶನ್, ಜಿಎಸ್‌ಟಿ ತಿದ್ದುಪಡಿಯ ಬಿಲ್ಲು ಮೂರನ್ನೂ ಹುಡುಕಿ ಓದಿ. ಗ್ರಾಹಕ ಆಯೋಗಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಎಣಿಸುವುದಿಲ್ಲ, ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡವರಿಗೆ ಮಾತ್ರ ವಿನಾಯಿತಿ ಇದೆ. ಗುಮಾಸ್ತರನ್ನು ಇಟ್ಟುಕೊಂಡು ನಡೆಸುವ ಅಂಗಡಿ ಆ ವಿನಾಯಿತಿಯೊಳಗೆ ಬರುವುದು ಕಷ್ಟ. ಇನ್ನೊಂದು ಕಡೆ ಕಾನೂನು ನಿಮ್ಮ ಪರವಾಗಿದೆ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಸಾಫ್ಟ್‌ವೇರನ್ನು ನ್ಯಾಯವಾಗಿ ಪಡೆದವನು ನಷ್ಟ, ಹಾಳಾಗುವಿಕೆಗಳ ವಿರುದ್ಧ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳುವುದನ್ನು ಉಲ್ಲಂಘನೆ ಎನ್ನುವುದಿಲ್ಲ. ಬ್ಯಾಕಪ್ ತೆಗೆದರೆ ಕೇಸು ಹಾಕುತ್ತೇವೆ ಎಂಬ ಬೆದರಿಕೆಗೆ ಹೆದರಬೇಕಾಗಿಲ್ಲ.

ಆದ್ದರಿಂದ ಕಂಪನಿಯೊಂದಿಗೆ ಜಗಳಕ್ಕಿಂತ ಒಂದು ಪತ್ರ ಮೇಲು. ಅದರಲ್ಲಿ ಇಷ್ಟನ್ನು ಕೇಳಿ: ಪ್ರೋಗ್ರಾಂ 16 ಬಿಟ್ಟಿನದೋ 32 ಬಿಟ್ಟಿನದೋ, ಡೇಟಾದ ಪಾಸ್‌ವರ್ಡ್ ಏನು, ಯಾವ ಕಡತದಲ್ಲಿ ಯಾವ ಲೆಕ್ಕವಿದೆ ಎಂಬ ವಿವರ, ಮತ್ತು ವರ್ಚುಯಲ್ ಮಷಿನ್ನಿನಲ್ಲಿ ಓಡಿಸಲು ಲಾಕನ್ನು ಮರುನೋಂದಣಿ ಮಾಡಬೇಕಾದರೆ ಅದಕ್ಕೆ ಒಪ್ಪಿಗೆ. ಹುಬ್ಬಳ್ಳಿಯ ಸಣ್ಣ ಕಂಪನಿ ಎಂದಿದ್ದೀರಿ. ಫೋನಿನಲ್ಲಿ ಮಾರಾಟದವರು ಹೇಳಿದ್ದೇ ಕೊನೆಯ ಮಾತಾಗಿರಬೇಕಿಲ್ಲ. ಪತ್ರವನ್ನು ಅಂಚೆಗೆ ಹಾಕುವ ಬದಲು ನೀವೇ ಕೈಯಲ್ಲಿ ಹಿಡಿದು ಹೋಗಿ, ಮಾಲೀಕರನ್ನೇ ಕಂಡು, ಪ್ರತಿಯ ಮೇಲೆ ಅವರ ಸಹಿ ಹಾಕಿಸಿಕೊಂಡು ಬನ್ನಿ. ಪ್ರೋಗ್ರಾಂ ಬರೆದವರ ಫೋನ್ ನಂಬರ್ ಅವರ ಬಳಿ ಇದ್ದರೆ ಅದನ್ನೂ ಕೇಳಿ.